ಬಾಲ್ಕನಿಯ ಪುಂಡಿ, ಬಕೆಟ್ಟಿನ ಪಾಲಕ್ ಮತ್ತು ಒಂದು ಅನುಮಾನ

ಬ್ಯಾಂಕಾಕ್‌ನಿಂದ ಮುಂಬೈಗೆ ಬಂದಿಳಿದ ಪ್ರಯಾಣಿಕರ ಬ್ಯಾಗಿನಲ್ಲಿ ‘ಹೈಡ್ರೋಪೋನಿಕ್ ಗಾಂಜಾ’ ಸಿಕ್ಕಿತು ಎಂಬ ಸುದ್ದಿಯನ್ನು ಕಳೆದ ಎರಡು ಮೂರು ವರ್ಷಗಳಲ್ಲಿ ನಾವೆಲ್ಲ ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ಕೈಬಿಟ್ಟಿತು, 2025ರ ಜೂನ್‌ನಲ್ಲಿ ಮತ್ತೆ ವೈದ್ಯರ ಚೀಟಿಯ ಕಟ್ಟಿಗೆ ತಂದಿತು. ನಮ್ಮ ಕರ್ನಾಟಕದ ಸುದ್ದಿಗಳೂ ಕಡಿಮೆಯಿಲ್ಲ. 2023ರ ಜೂನ್‌ನಲ್ಲಿ ಶಿವಮೊಗ್ಗದ ಬಾಡಿಗೆ ಮನೆಯೊಂದರಲ್ಲಿ ಕೃತಕ ಬೆಳಕು ಹಾಕಿ ಗಾಂಜಾ ಬೆಳೆದ ಆರೋಪದಲ್ಲಿ ವಿದ್ಯಾರ್ಥಿಗಳ ಬಂಧನವಾಯಿತು. 2024ರ ನವೆಂಬರ್‌ನಲ್ಲಿ ಬೆಂಗಳೂರಿನ ದಂಪತಿ ತಮ್ಮ ಬಾಲ್ಕನಿಯ ಹೂಕುಂಡಗಳ ಚಿತ್ರವನ್ನು ಫೇಸ್‌ಬುಕ್‌ಗೆ ಹಾಕಿದರು. ಅದರಲ್ಲಿ ಗಾಂಜಾ ಗಿಡ ಕಂಡು ಪೊಲೀಸರು ಮನೆ ಬಾಗಿಲಿಗೆ ಬಂದರು.

ಇದರಿಂದ ಒಂದು ತೊಂದರೆಯಾಗಿದೆ. ಮಣ್ಣಿಲ್ಲದೆ ನೀರಿನಲ್ಲಿ ಸೊಪ್ಪು ಬೆಳೆಯುವ ಒಂದು ಸಾಧು ವಿದ್ಯೆಯ ಹೆಸರು ಕೆಟ್ಟುಹೋಗಿದೆ. ‘ಹೈಡ್ರೋಪೋನಿಕ್’ ಅಂದ ಕೂಡಲೇ ಜನರಿಗೆ ಪಾಲಕ್ ನೆನಪಾಗುವುದಿಲ್ಲ, ಗಾಂಜಾ ನೆನಪಾಗುತ್ತದೆ.

ನಾನು ಬಾಗಲಕೋಟೆ ಕಡೆಯವನು. ಠಾಣೆಯ ಮಾಜಿವಾಡಾದಲ್ಲಿ, ಘೋಡ್‌ಬಂದರ್ ರಸ್ತೆ ಶುರುವಾಗುವ ಜಾಗಕ್ಕೆ ಹತ್ತಿರ, ಹತ್ತೊಂಬತ್ತನೇ ಮಹಡಿಯ ವಾಸ. ನೀರು ಶುದ್ಧೀಕರಣದ ಕೆಲಸದಲ್ಲಿರುವುದರಿಂದ ಪಿಎಚ್, ಇಸಿ ಎಂಬ ಪದಗಳು ಮನೆಮಾತು. ಬಾಲ್ಕನಿಯಲ್ಲಿ ಎರಡು ಬಗೆಯ ಕೃಷಿ ಇದೆ: ಮುಚ್ಚಳವಿರುವ ಬಕೆಟ್ಟುಗಳಲ್ಲಿ ಪಾಲಕ್ ಮತ್ತು ಲೆಟ್ಯೂಸ್, ಕುಂಡಗಳಲ್ಲಿ ಮೆಂತ್ಯ, ದಂಟು ಮತ್ತು ಪುಂಡಿ. ಹೋದ ಮಳೆಗಾಲದಲ್ಲಿ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಎದುರಿನ ಕಟ್ಟಡದಿಂದ ತೆಗೆದ ಚಿತ್ರ ಹಾಕಿದರು. ರಾತ್ರಿ ನೇರಳೆ ದೀಪ, ಬೆರಳು ಬಿಚ್ಚಿದಂಥ ಎಲೆಯ ಗಿಡ. ಕೆಳಗೆ ಒಂದೇ ಸಾಲು: ‘ಇದು ಅದೇನಾ?’ ಮರುದಿನ ಸೊಸೈಟಿಯ ಸೆಕ್ರೆಟರಿ ಕಾವಲುಗಾರನನ್ನು ಕರೆದುಕೊಂಡು ಬಂದೇ ಬಿಟ್ಟರು.

ಆ ಗಿಡ ಪುಂಡಿ. ಉತ್ತರ ಕರ್ನಾಟಕದವರಿಗೆ ಪುಂಡಿಪಲ್ಯ ಯಾವುದೆಂದು ಹೇಳಬೇಕಿಲ್ಲ. ಮರಾಠಿಯಲ್ಲಿ ಇದೇ ಅಂಬಾಡಿ. ಸ್ವಾರಸ್ಯವೇನೆಂದರೆ ಸಸ್ಯಶಾಸ್ತ್ರಜ್ಞರು ಇದಕ್ಕಿಟ್ಟ ಹೆಸರೇ ‘ಹಿಬಿಸ್ಕಸ್ ಕೆನಾಬಿನಸ್’. ಗಾಂಜಾದ ಎಲೆಯನ್ನು ಹೋಲುವ ದಾಸವಾಳ ಜಾತಿಯ ಗಿಡ ಎಂದು ಅದರರ್ಥ. ಸಸಿಯಿದ್ದಾಗ ಎಲೆ ಗುಂಡಗಿರುತ್ತದೆ, ಬೆಳೆಯುತ್ತ ಹೋದಂತೆ ಐದು ಬೆರಳಾಗಿ ಸೀಳುತ್ತದೆ. ಗಾಂಜಾದಲ್ಲಿ ಪ್ರತಿ ಬೆರಳೂ ಬುಡದವರೆಗೆ ಬಿಡಿಬಿಡಿಯಾದ ಕಿರು ಎಲೆ. ಪುಂಡಿಯದು ಒಂದೇ ಎಲೆ, ಆಳವಾಗಿ ಸೀಳಿದ್ದು. ಹೂವಂತೂ ದಾಸವಾಳದಂತೆಯೇ: ಹಳದಿ ದಳ, ನಡುವೆ ಕಡುಗೆಂಪು. ಎಲ್ಲಕ್ಕಿಂತ ಸುಲಭದ ಪರೀಕ್ಷೆ, ಎಲೆ ಬಾಯಿಗಿಟ್ಟರೆ ಹುಳಿ. ಸೆಕ್ರೆಟರಿ ತಿಂದು ನೋಡಿ, ‘ಅರೆ, ಅಂಬಾಡಿ!’ ಎಂದು ನಕ್ಕರು. ಆದರೆ ಸುದ್ದಿ ಊರಿಗೂ ಮುಟ್ಟಿ ಕಾಕಾ ಫೋನು ಮಾಡಿದರು: ‘ಏನೋ ತಮ್ಮಾ, ನೀರಾಗ ಗಾಂಜಾ ಬೆಳೀಲಿಕ್ಹತ್ತೀಯಂತಲ್ಲ?’

ನಗುವ ಮಾತಾದರೂ ಕಾನೂನು ನಗುವಂಥದ್ದಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯ 8ನೇ ಕಲಂ ಪರವಾನಗಿಯಿಲ್ಲದೆ ಗಾಂಜಾ ಗಿಡ ಬೆಳೆಯುವುದನ್ನು ನಿಷೇಧಿಸುತ್ತದೆ. 20ನೇ ಕಲಂ ಪ್ರಕಾರ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ‘ನನ್ನ ಸ್ವಂತಕ್ಕೆ, ಒಂದೇ ಗಿಡ’ ಎಂಬ ರಿಯಾಯಿತಿ ಇಲ್ಲ. ಉತ್ತರಾಖಂಡದಂಥ ರಾಜ್ಯ ನಾರಿಗಾಗಿ, ಅಮಲಿನ ಅಂಶ ತೀರಾ ಕಡಿಮೆಯಿರುವ ತಳಿಗೆ ಲೈಸೆನ್ಸ್ ಕೊಡುತ್ತದೆ ನಿಜ. ಅದು ಫ್ಲಾಟಿನ ಬಾಲ್ಕನಿಗೆ ಅನ್ವಯಿಸದು. ಆದ್ದರಿಂದ ಅದನ್ನು ಅಲ್ಲಿಗೇ ಬಿಟ್ಟು, ನಾವು ತಿನ್ನುವ ಸೊಪ್ಪಿಗೆ ಗೊಬ್ಬರ ಹೇಗೆ ಎಂಬ ವಿಷಯಕ್ಕೆ ಬರೋಣ. ಪುಣೆ, ಹೈದರಾಬಾದ್, ದುಬೈಗಳಿಂದ ಈ ಅಂಕಣ ಓದುವ ಗೆಳೆಯರು ಹೆಚ್ಚಾಗಿ ಸೋಲುವುದು ಅಲ್ಲೇ.

ನೀರಿನ ದಾರಿ

‘ಹೈಡ್ರೋಪೋನಿಕ್ಸ್’ ಎಂಬ ಪದವನ್ನು 1937ರಲ್ಲಿ ಬಳಕೆಗೆ ತಂದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡಬ್ಲ್ಯು.ಎಫ್. ಗೆರಿಕೆ. ಭಾರತಕ್ಕೂ ಇದು ಹೊಸದಲ್ಲ. 1940ರ ದಶಕದಲ್ಲಿ ಕಾಲಿಂಪಾಂಗ್‌ನಲ್ಲಿ ಶೋಲ್ಟೊ ಡಗ್ಲಾಸ್ ಎಂಬವರು ದುಬಾರಿ ಯಂತ್ರಗಳಿಲ್ಲದೆ ಜಲ್ಲಿ ಮತ್ತು ಮರಳಿನಲ್ಲಿ ಬೆಳೆಯುವ ‘ಬಂಗಾಳ ಪದ್ಧತಿ’ ರೂಪಿಸಿದ್ದರು.

ಮನೆಗೆ ಅತಿ ಸರಳವಾದದ್ದು ಹವಾಯಿಯ ಬರ್ನಾರ್ಡ್ ಕ್ರಾಟ್ಕಿ ಜನಪ್ರಿಯಗೊಳಿಸಿದ ವಿಧಾನ. ಪಂಪು ಬೇಡ, ಕರೆಂಟು ಬೇಡ. ಬಕೆಟ್ಟಿನ ಮುಚ್ಚಳಕ್ಕೆ ತೂತು, ಅದರಲ್ಲಿ ಜಾಲರಿ ಲೋಟ, ಬೇರಿನ ತುದಿ ನೀರಿನಲ್ಲಿ. ಗಿಡ ನೀರು ಕುಡಿದಂತೆ ಮಟ್ಟ ಇಳಿದು ಮೇಲೆ ಗಾಳಿಯ ಜಾಗವಾಗುತ್ತದೆ; ಬೇರು ಅಲ್ಲಿ ಉಸಿರಾಡುತ್ತದೆ. ಹಾಗಾಗಿ ಕಡಿಮೆಯಾದ ನೀರನ್ನು ಮತ್ತೆ ಕಂಠದವರೆಗೆ ತುಂಬಬಾರದು.

ಗಿಡಕ್ಕೆ ಬೇಕಾದ ಮೂಲಧಾತುಗಳು 17. ಇಂಗಾಲ, ಜಲಜನಕ, ಆಮ್ಲಜನಕ ಗಾಳಿ ಮತ್ತು ನೀರಿನಿಂದ ಬರುತ್ತವೆ. ಉಳಿದ 14ನ್ನು ಬಕೆಟ್ಟಿನಲ್ಲಿ ನಾವೇ ಕೊಡಬೇಕು. ಇಲ್ಲಿ ಹಲವರು ನರ್ಸರಿಯಿಂದ 19:19:19 ಪುಡಿ ತಂದು ಕರಗಿಸುತ್ತಾರೆ. ಅದರಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ, ಸಾರಜನಕದ ದೊಡ್ಡ ಪಾಲು ಯೂರಿಯಾ ರೂಪದಲ್ಲಿರುತ್ತದೆ. ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಯೂರಿಯಾವನ್ನು ನೈಟ್ರೇಟ್ ಮಾಡಿ ಕೊಡುತ್ತವೆ. ಬಕೆಟ್ಟಿನಲ್ಲಿ ಆ ಬಳಗ ಇಲ್ಲ. ಇಸಿ ಮೀಟರ್ ಅಳೆಯುವುದು ನೀರು ವಿದ್ಯುತ್ತನ್ನು ಎಷ್ಟು ಹರಿಸುತ್ತದೆ ಎಂಬುದನ್ನು. ಯೂರಿಯಾ ವಿದ್ಯುತ್ ಹರಿಸುವುದಿಲ್ಲವಾದ್ದರಿಂದ ಮೀಟರಿಗೆ ಅದು ಕಾಣಿಸುವುದೂ ಇಲ್ಲ.

ಆದ್ದರಿಂದ ‘ಎ’ ಮತ್ತು ‘ಬಿ’ ಎಂದು ಎರಡು ಬಾಟಲಿಗಳಲ್ಲಿ ಬರುವ ಪೋಷಕಾಂಶವನ್ನೇ ತನ್ನಿ. ಎರಡೇಕೆ? ಒಂದರಲ್ಲಿ ಕ್ಯಾಲ್ಸಿಯಂ ನೈಟ್ರೇಟ್, ಇನ್ನೊಂದರಲ್ಲಿ ಸಲ್ಫೇಟ್ ಮತ್ತು ಫಾಸ್ಫೇಟ್‌ಗಳು. ಗಟ್ಟಿ ದ್ರಾವಣಗಳನ್ನು ನೇರ ಬೆರೆಸಿದರೆ ಕ್ಯಾಲ್ಸಿಯಂ ಜಿಪ್ಸಮ್ಮಿನಂಥ ಬಿಳಿ ಗಸಿಯಾಗಿ ತಳ ಸೇರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಬಕೆಟ್ ತುಂಬ ನೀರಿಗೆ ಮೊದಲು ‘ಎ’ ಹಾಕಿ ಕಲಕಿ, ಆಮೇಲೆ ‘ಬಿ’ ಹಾಕಿ.

ಇನ್ನು ಅಳತೆ. ಸೊಪ್ಪಿಗೆ ಇಸಿ 1.2ರಿಂದ 1.8 ಸಾಕು, ಲೆಟ್ಯೂಸಿಗೆ 0.8ರಿಂದ 1.2. ಸಸಿಗಳಿಗೆ ಇದರ ಅರ್ಧ. ಟೊಮೆಟೊ ಮಾತ್ರ 2ಕ್ಕಿಂತ ಹೆಚ್ಚು ಕೇಳುತ್ತದೆ. ಪಿಎಚ್ 5.5ರಿಂದ 6.5ರ ನಡುವೆ ಇರಲಿ. ಅದು 7 ದಾಟಿದರೆ ನೀರಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ದಕ್ಕದು. ನಿಂಬೆರಸ ಪಿಎಚ್ ಇಳಿಸುತ್ತದೆ, ಆದರೆ ಒಂದೆರಡು ದಿನಕ್ಕೆ ಮತ್ತೆ ಏರುತ್ತದೆ. ಫಾಸ್ಫಾರಿಕ್ ಆಮ್ಲದ ‘ಪಿಎಚ್ ಡೌನ್’ ಹೆಚ್ಚು ದಿನ ನಿಲ್ಲುತ್ತದೆ. ಅದನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ನಮ್ಮ ನಲ್ಲಿಯ ನೀರು ಮೆದು. ನನ್ನ ಮೀಟರಿನಲ್ಲಿ ಇಸಿ 0.2 ದಾಟಿದ್ದೇ ಕಡಿಮೆ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಸೊಸೈಟಿಗೆ ಟ್ಯಾಂಕರ್ ಬಂತೆಂದರೆ ಅದೇ ನಲ್ಲಿಯಲ್ಲಿ 0.8, 0.9 ತೋರಿಸುತ್ತದೆ. ಅದು ಬೋರ್‌ವೆಲ್ಲಿನ ಗಡಸು. ಹಳೇ ಲೆಕ್ಕದಂತೆ ಗೊಬ್ಬರ ಹಾಕಿದರೆ ಎಲೆಯ ಅಂಚು ಸುಡುತ್ತದೆ. ಮೊದಲು ಬರಿ ನೀರನ್ನು ಅಳೆಯಿರಿ, ಆಮೇಲೆ ಗೊಬ್ಬರ.

ಬೇಸಿಗೆಯಲ್ಲಿ ಗಿಡ ಗೊಬ್ಬರಕ್ಕಿಂತ ನೀರನ್ನೇ ಹೆಚ್ಚು ಕುಡಿಯುತ್ತದೆ. ಉಳಿದ ದ್ರಾವಣ ಗಟ್ಟಿಯಾಗುತ್ತದೆ. ಆಗ ಬರಿ ನೀರು ಸೇರಿಸಿ, ಎರಡು ವಾರಕ್ಕೊಮ್ಮೆ ಪೂರ್ತಿ ಬದಲಿಸಿ. ಹಳೆಯ ದ್ರಾವಣವನ್ನು ಮೋರಿಗೆ ಚೆಲ್ಲಬೇಡಿ, ಕುಂಡದ ಗಿಡಗಳಿಗೆ ತೆಳ್ಳಗೆ ಮಾಡಿ ಹಾಕಿ. ಇನ್ನೊಂದು ಸಂಗತಿ: 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿದರೆ 30 ಡಿಗ್ರಿಯಲ್ಲಿ ಏಳೂವರೆ. ಬೇರು ಕಂದಾಗಿ ಲೋಳೆಗಟ್ಟುವುದು ಇದರಿಂದಲೇ. ಬಕೆಟ್ಟಿಗೆ ಬಿಳಿ ಬಣ್ಣ ಬಳಿದು ನೆರಳಿನಲ್ಲಿಡಿ. ಮುಚ್ಚಳ ಬಿಗಿಯಾಗಿರಲಿ, ತೆರೆದ ನೀರು ಡೆಂಗಿ ಸೊಳ್ಳೆಗೆ ತವರುಮನೆ.

ಮಣ್ಣಿನ ದಾರಿ

ಸಾವಯವದಲ್ಲಿ ಗಿಡಕ್ಕೆ ಉಣಿಸುವುದಕ್ಕಿಂತ ಮಣ್ಣಿಗೆ ಉಣಿಸುವುದು ಮುಖ್ಯ. ಮೂರರಲ್ಲಿ ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ, ಒಂದು ಪಾಲು ಎರೆಗೊಬ್ಬರ. ನಾರಿನ ಪುಡಿಯಲ್ಲಿ ಪೋಷಕಾಂಶ ಇಲ್ಲವೆನ್ನುವಷ್ಟು ಕಡಿಮೆ. ಅದು ನೀರು ಹಿಡಿಯುವ ಸ್ಪಂಜು. ತೊಳೆಯದಿದ್ದರೆ ಉಪ್ಪಿನಂಶ ಉಳಿದಿರುತ್ತದೆ. ಬಾಲ್ಕನಿಯ ಭಾರದ ದೃಷ್ಟಿಯಿಂದಲೂ ಇದು ಒಳ್ಳೆಯದು: ನೆನೆದ ಬರಿ ಮಣ್ಣು ನೀರಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ತೂಕ.

ಬೇವಿನ ಹಿಂಡಿಯಲ್ಲಿ ಸುಮಾರು ಶೇ 5 ಸಾರಜನಕ ಇದೆ, ಕಡಲೆಕಾಯಿ ಹಿಂಡಿಯಲ್ಲಿ ಸುಮಾರು 7. ಹಿಂಡಿ ನೆನೆಸಿದ ನೀರು ಜೋರಾಗಿ ಕೆಲಸ ಮಾಡುತ್ತದೆ, ವಾಸನೆಯೂ ಅಷ್ಟೇ ಜೋರು. ಫ್ಲಾಟಿನಲ್ಲಿ ಹಿಂಡಿಯನ್ನು ಒಣಗಿದ್ದಾಗಲೇ ಒಂದು ಚಮಚ ಮಣ್ಣಿಗೆ ಬೆರೆಸುವುದು ನೆರೆಹೊರೆಗೆ ಹಿತ. ವಿದರ್ಭದ ಸುಭಾಷ್ ಪಾಳೇಕರ್ ಕರ್ನಾಟಕದಲ್ಲೂ ಮನೆಮಾತಾಗಿಸಿದ ಜೀವಾಮೃತ ಹೊಲಕ್ಕೆ ಹೇಳಿದ್ದು: 200 ಲೀಟರ್ ನೀರಿಗೆ 10 ಕಿಲೋ ಸಗಣಿ, ಗಂಜಲ, ಬೆಲ್ಲ, ದ್ವಿದಳ ಹಿಟ್ಟು, ಒಂದು ಹಿಡಿ ಮಣ್ಣು. ಇಪ್ಪತ್ತನೇ ಒಂದು ಪಾಲು, ಅಂದರೆ 10 ಲೀಟರ್ ಮಾಡಿದರೆ ಬಾಲ್ಕನಿಗೆ ಧಾರಾಳ. ಹಸಿಯಾಗಿ ತಿನ್ನುವ ಸೊಪ್ಪಿನ ಎಲೆಗೆ ಮಾತ್ರ ಅದು ತಾಕಬಾರದು. ಹಸಿ ಸಗಣಿಯಲ್ಲಿ ರೋಗಾಣುಗಳಿರಬಹುದು.

ಒಂದು ದಾರಿಯ ಸಾಮಾನನ್ನು ಇನ್ನೊಂದಕ್ಕೆ ಬೆರೆಸಬೇಡಿ. ಜೀವಾಮೃತವನ್ನು ಬಕೆಟ್ಟಿಗೆ ಹಾಕಿದರೆ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ತಿಂದು ಬೇರನ್ನು ಕೊಳೆಸುತ್ತವೆ.

ನಮ್ಮ ಠಾಣೆಯ ಮಳೆ ಗೊತ್ತಲ್ಲ. ನಾಲ್ಕು ತಿಂಗಳು ಸುರಿದರೆ ಕುಂಡದ ನೈಟ್ರೇಟ್ ಮತ್ತು ಪೊಟ್ಯಾಶ್ ತಳದ ತೂತಿನಿಂದ ಹರಿದುಹೋಗುತ್ತವೆ. ಜೂನ್‌ನಲ್ಲಿ ಒಮ್ಮೆಗೇ ಸುರಿದ ಗೊಬ್ಬರ ಜುಲೈನಲ್ಲಿ ಇರುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ ಹಾಕುವುದೇ ಸರಿ.

ಎಲೆ ಹೇಳುವ ಮಾತು

ಮೀಟರ್ ಇಲ್ಲದಿದ್ದರೂ ಎಲೆ ಓದಲು ಬಂದರೆ ಸಾಕು. ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ. ಹಳೆಯ ಎಲೆಯ ನರ ಹಸಿರಿದ್ದು ನಡುವೆ ಹಳದಿಯಾದರೆ ಮೆಗ್ನೀಸಿಯಂ. ಹಳೆಯ ಎಲೆಯ ಅಂಚು ಸುಟ್ಟಂತಿದ್ದರೆ ಪೊಟ್ಯಾಶ್. ಇವೆಲ್ಲ ಗಿಡದೊಳಗೆ ಓಡಾಡುವ ಪೋಷಕಾಂಶಗಳು. ಕಷ್ಟಕಾಲದಲ್ಲಿ ಗಿಡ ಹಿರಿಯ ಎಲೆಯಿಂದ ಕಿತ್ತು ಕಿರಿಯದಕ್ಕೆ ಕೊಡುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಹಾಗೆ ಓಡಾಡುವುದಿಲ್ಲ. ಆದ್ದರಿಂದ ಚಿಗುರು ಬೆಳ್ಳಗಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣ, ಚಿಗುರಿನ ತುದಿ ಸುಟ್ಟರೆ ಕ್ಯಾಲ್ಸಿಯಂ. ಗೊಬ್ಬರ ಸುರಿಯುವ ಮೊದಲು ಪಿಎಚ್ ನೋಡಿ. ಎಷ್ಟೋ ಸಲ ಕೊರತೆ ಇರುವುದಿಲ್ಲ, ದಾರಿ ಮುಚ್ಚಿರುತ್ತದೆ.

ಹೆಚ್ಚು ಹಾಕಿದರೆ ಹೆಚ್ಚು ಬರುತ್ತದೆ ಎಂಬ ಆಸೆಗೂ ಮಿತಿ ಬೇಕು. ಬಿಸಿಲು ಕಡಿಮೆ, ನೈಟ್ರೇಟ್ ಜಾಸ್ತಿ ಆದಾಗ ಸೊಪ್ಪು ಅದನ್ನು ಎಲೆಯಲ್ಲಿ ಕೂಡಿಡುತ್ತದೆ. ಯುರೋಪಿನಲ್ಲಿ ತಾಜಾ ಪಾಲಕ್‌ಗೆ ಕಿಲೋಗೆ 3,500 ಮಿಲಿಗ್ರಾಂ ನೈಟ್ರೇಟ್ ಎಂದು ಮಿತಿಯೇ ಇದೆ. ಮೋಡ ಕವಿದ ಜುಲೈನಲ್ಲಿ ಇಸಿ ಇಳಿಸಿ, ಕೊಯ್ಯುವ ಎರಡು ಮೂರು ದಿನ ಮೊದಲು ಬಕೆಟ್ಟಿಗೆ ಬರಿ ನೀರು ಕೊಡಿ, ಬೆಳಗಿನ ಬದಲು ಸಂಜೆ ಕೊಯ್ಯಿರಿ. ಹಗಲಿನ ಬೆಳಕಿನಲ್ಲಿ ಗಿಡ ನೈಟ್ರೇಟನ್ನು ಬಳಸಿಕೊಂಡಿರುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಇದನ್ನು ತಪ್ಪಿಸಬೇಡಿ.

ಇಷ್ಟೆಲ್ಲ ಏಕೆ, ಭಾಜಿವಾಲಾನ ಹತ್ತಿರ ಸಿಗುವುದಿಲ್ಲವೇ ಎನ್ನಬಹುದು. ರೈಲು ಹಳಿಯ ಪಕ್ಕ ನಾಲೆಯ ಕೊಳಕು ನೀರಿನಲ್ಲಿ ಬೆಳೆದ ಪಾಲಕ್, ಲಾಲ್ ಮಾಠ್‌ಗಳನ್ನು ಲೋಕಲ್ ಟ್ರೇನಿನ ಕಿಟಕಿಯಿಂದ ನೋಡಿದವರಿಗೆ ಉತ್ತರ ಗೊತ್ತಿದೆ. ಬಾಲ್ಕನಿ ಇಡೀ ಮನೆಗೆ ತರಕಾರಿ ಕೊಡುವುದಿಲ್ಲ. ವಾರಕ್ಕೆರಡು ಸಲ ಸೊಪ್ಪು ಕೊಟ್ಟರೂ ಅದರ ನೀರು ಯಾವುದು, ಗೊಬ್ಬರ ಯಾವುದು ಎಂದು ನಮಗೆ ಗೊತ್ತಿರುತ್ತದೆ.

ಸೊಸೈಟಿಯಲ್ಲಿರುವವರಿಗೆ ಕೊನೆಯದಾಗಿ ಕೆಲವು ಮಾತು. ಶುರುಮಾಡುವ ಮೊದಲು ಸೆಕ್ರೆಟರಿಗೆ ಒಂದು ಚೀಟಿ ಬರೆದು ತಿಳಿಸಿ. ನೇರಳೆ ದೀಪದ ಬದಲು ಬಿಳಿ ಎಲ್ಇಡಿ ಹಾಕಿ, ಗಿಡಕ್ಕೆ ಅದೂ ನಡೆಯುತ್ತದೆ. ಬಕೆಟ್ಟಿನ ಮೇಲೆ ಗಿಡದ ಹೆಸರನ್ನು ಮರಾಠಿಯಲ್ಲೂ ಬರೆಯಿರಿ. ಮೊದಲ ಕೊಯ್ಲನ್ನು ಎದುರು ಮನೆಗೆ ಕೊಡಿ. ನಮ್ಮ ಮಹಡಿಯಲ್ಲಿ ಈಗ ಮೂರು ಮನೆಗಳ ಬಾಲ್ಕನಿಯಲ್ಲಿ ಪುಂಡಿ ಇದೆ. ಬೀಜ ಕೊಟ್ಟಿದ್ದು ಊರಿನ ಕಾಕಾ. ಒಬ್ಬರು ಅದಕ್ಕೆ ಅಂಬಾಡಿ ಭಾಜಿ ಎನ್ನುತ್ತಾರೆ, ಆಂಧ್ರದವರು ಗೋಂಗೂರ ಎನ್ನುತ್ತಾರೆ. ಜೋಳದ ರೊಟ್ಟಿಯ ಜೊತೆ ಮಾತ್ರ ಅದು ಪುಂಡಿಪಲ್ಯವೇ.