ಕೇಳುವ ಕಿವಿಯಿರುವಾಗಲೇ ಹೇಳಬೇಕಾದ ವಂದನೆ

ಮೃತರ ಗುಣಗಾನ ಮಾಡುವುದರಲ್ಲಿ ನಾವು ಎಂದೂ ಜಿಪುಣರಲ್ಲ. ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ಯಾವ ದೇವಾಲಯದಲ್ಲಿಯಾದರೂ ಅಂತ್ಯಕ್ರಿಯೆಯ ಬಲಿಪೂಜೆಗೆ ಹೋಗಿ ನೋಡಿ. ಅಗಲಿದವರ ಉಪಕಾರಗಳನ್ನು ಕಂಬನಿಯೊಡನೆ ಸ್ಮರಿಸುವವರು ತುಂಬಿರುತ್ತಾರೆ. ಆ ಮಾತುಗಳನ್ನು ಕೇಳಿ ಸಂತೋಷಪಡಬೇಕಾಗಿದ್ದ ವ್ಯಕ್ತಿಯೊಬ್ಬರೇ ಅವನ್ನು ಕೇಳಲಾರರು. ಬದುಕಿರುವಾಗಲೇ ವಂದನೆ ಸಲ್ಲಿಸಿ ಬೀಳ್ಕೊಡುವ ಪದ್ಧತಿ ನಮ್ಮಲ್ಲಿ ಅಪರೂಪ. ಈ ಪಾಠವನ್ನು ಒಂದು ರಾಕ್ ಸಂಗೀತ ಕಚೇರಿಯಿಂದಲೂ ಕಲಿಯಬಹುದೆಂದರೆ ಕೆಲವರು ಹುಬ್ಬೇರಿಸಿಯಾರು.

2025ರ ಜುಲೈ 5, ಶನಿವಾರ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ 'ಬ್ಲ್ಯಾಕ್ ಸಬ್ಬತ್' ತಂಡದ ವಿದಾಯ ಕಚೇರಿ ನಡೆಯಿತು. 1968ರಲ್ಲಿ ಅದೇ ಊರಿನ ನಾಲ್ವರು ಯುವಕರು ಕಟ್ಟಿದ ತಂಡವಿದು. ಹೆಸರು ಕೇಳಿ ಭಕ್ತರು ಬೆಚ್ಚುವುದು ಸಹಜವೇ. ಆದರೆ ತಂಡದ ಗೀಜರ್ ಬಟ್ಲರ್ ಐರಿಷ್ ಕಥೋಲಿಕ ಮನೆತನದವರು. ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳರ ಪ್ರಾಯದಲ್ಲಿ ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡು, ಪ್ಲಾಸ್ಟಿಕ್ ಕರಗಿಸಿ ತಾವೇ ಮಾಡಿಕೊಂಡ ಕವಚಗಳನ್ನು ತೊಟ್ಟು ನುಡಿಸಿದವರು. ಗಾಯಕ ಆಜಿ ಆಸ್‌ಬರ್ನ್ ತಮಗೆ ಪಾರ್ಕಿನ್‌ಸನ್ ವ್ಯಾಧಿ ಇರುವುದನ್ನು 2020ರಲ್ಲಿ ಲೋಕಕ್ಕೆ ತಿಳಿಸಿದ್ದರು. 76ರ ವಯಸ್ಸಿನ ಅವರು ಅಂದು ನಿಂತು ಹಾಡಲಾರದೆ ಆಸನದಲ್ಲಿ ಕುಳಿತೇ ಹಾಡಿದರು. ಕಚೇರಿಯ ಲಾಭ ಪಾರ್ಕಿನ್‌ಸನ್ ಸಂಶೋಧನೆಗೂ ರೋಗಪೀಡಿತ ಮಕ್ಕಳ ಆರೈಕೆಗೂ ಮೀಸಲಾಗಿತ್ತು. ಹದಿನೇಳು ದಿನಗಳ ತರುವಾಯ, ಜುಲೈ 22ರಂದು, ಅವರು ತೀರಿಕೊಂಡರು.

ಹಲಸೂರಿನ ಒಬ್ಬ ಗೃಹಸ್ಥರು ಮೂವತ್ತು ವರ್ಷಗಳಿಂದ ಈ ತಂಡದ ಅಭಿಮಾನಿ. ಅರಮನೆ ಮೈದಾನದಲ್ಲಿ 2007ರ ಐರನ್ ಮೇಡನ್, 2011ರ ಮೆಟಾಲಿಕಾ ಕಚೇರಿಗಳಿಗೆ ಹೋಗಿ ಬಂದವರು. ಬರ್ಮಿಂಗ್‌ಹ್ಯಾಮಿಗೆ ಹೋಗುವ ಅನುಕೂಲ ಅವರಿಗಿರಲಿಲ್ಲ. ಭಾನುವಾರದ ಬೆಳಗಿನ ಜಾವದವರೆಗೆ ಗಣಕಯಂತ್ರದ ಮುಂದೆ ಕುಳಿತು, ಕೆಂಗಣ್ಣಿನಿಂದಲೇ ಪೂಜೆಗೆ ಬಂದರು. ನಡುಗುವ ಕಂಠವೊಂದನ್ನು ಕೇಳಲು ನಿದ್ರೆಗೆಡುವುದೇತಕ್ಕೆಂದು ವಿಚಾರಿಸಿದೆವು. ಹಾಡು ಕೇಳಲಲ್ಲ ಸ್ವಾಮಿ, ಹಾಡು ತಮ್ಮ ಬಳಿ ಎಂದಿನಿಂದಲೂ ಇದೆ, ಅವರಿಗೆ ಜನ ವಂದನೆ ಹೇಳುವಾಗ ತಾವೂ ಅದರಲ್ಲಿರಬೇಕೆನಿಸಿತು ಎಂದರು.

ಆ ಉತ್ತರದಲ್ಲಿ ತತ್ತ್ವವಿದೆ. ಸಂತ ತೋಮಾಸ್ ಅಕ್ವಿನಾಸರು ಕೃತಜ್ಞತೆಯನ್ನು ಕೇವಲ ಭಾವನೆಯೆಂದು ಬಗೆಯದೆ, ನ್ಯಾಯವೆಂಬ ಸದ್ಗುಣದ ಸಾಲಿಗೆ ಸೇರಿಸಿದರು. ಅಂದರೆ ಅದು ಸಲ್ಲಿಸಲೇಬೇಕಾದ ಋಣ. ಪ್ರತ್ಯುಪಕಾರದ ಕೊಡುಗೆಗೆ ತಕ್ಕ ಕಾಲವನ್ನು ಕಾಯಬಹುದು. ಹೃದಯದ ವಂದನೆಗೆ ಮಾತ್ರ ವಿಳಂಬ ಸಲ್ಲದೆಂಬುದು ಅವರ ವಿವೇಚನೆ. ನಾವಾದರೋ ಇದನ್ನು ತಿರುಗುಮುರುಗು ಮಾಡಿದ್ದೇವೆ: ಹೂಮಾಲೆಯನ್ನು ಶವಪೆಟ್ಟಿಗೆಯ ಮೇಲಿಡಲು ಓಡುತ್ತೇವೆ, ಒಂದು ಒಳ್ಳೆಯ ಮಾತಿಗೆ ವರ್ಷಗಟ್ಟಲೆ ಬಿಡುವಿಲ್ಲವೆನ್ನುತ್ತೇವೆ. ಪ್ರೇಷಿತರ ಕಾರ್ಯಕಲಾಪಗಳ 20ನೆಯ ಅಧ್ಯಾಯದಲ್ಲಿ ಎಫೆಸದ ಹಿರಿಯರು ಹಾಗೆ ಮಾಡಲಿಲ್ಲ. ಸಂತ ಪೌಲರ ಮುಖವನ್ನು ಇನ್ನು ಕಾಣೆವೆಂದು ತಿಳಿದು ಮಿಲೇತದಲ್ಲಿ ಅವರನ್ನು ಅಪ್ಪಿ ಅತ್ತರು, ಹಡಗಿನ ತನಕ ಜೊತೆಗೆ ನಡೆದರು.

ಗಾಯಕರ ಮರಣವಾರ್ತೆ ಬಂದ ವಾರವೇ ನಮ್ಮ ಗೃಹಸ್ಥರು ಫ್ರೇಜರ್ ಟೌನಿಗೆ ಹೋದರು. ಬಾಲ್ಯದಲ್ಲಿ ಅವರಿಗೆ ಗಿಟಾರ್ ಕಲಿಸಿದ, ದೇವಾಲಯದ ಗಾನವೃಂದವನ್ನು ಬಹುಕಾಲ ನಡೆಸಿದ ವೃದ್ಧರೊಬ್ಬರು ಅಲ್ಲಿ ಹಾಸಿಗೆ ಹಿಡಿದಿದ್ದರು. ದೂರ ಎರಡೇ ಮೈಲಿ. ಹೋಗಿ ನೋಡಿ ಆರು ವರ್ಷಗಳಾಗಿದ್ದವು. ಹೇಳಬೇಕೆಂದಿದ್ದ ಮಾತು ಬಾಯಿಗೆ ಬಾರದೆ, ಜೊತೆಗೊಯ್ದಿದ್ದ ಗಿಟಾರನ್ನೇ ನುಡಿಸಿದರಂತೆ. ವೃದ್ಧರು ಸ್ವಲ್ಪ ಆಲಿಸಿ, ಎರಡನೆಯ ತಂತಿಯ ಶ್ರುತಿ ಸರಿಯಿಲ್ಲವೆಂದು ಗದರಿದರಂತೆ. ಶಿಷ್ಯ ಶ್ರುತಿ ಸರಿಪಡಿಸಿಕೊಂಡು ಸಂಜೆಯವರೆಗೂ ಅಲ್ಲಿಯೇ ಕುಳಿತಿದ್ದರು. ವಂದನೆ ಸಲ್ಲಬೇಕಾದಲ್ಲಿಗೆ ಸಂದಿತು.

ಪ್ರತಿ ಸೆಪ್ಟೆಂಬರ್ 8ರಂದು ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಮಾತೆಯ ಜನನೋತ್ಸವಕ್ಕೆ ಜನಸಾಗರವೇ ಸೇರುತ್ತದೆ. ಹಿಂದೊಮ್ಮೆ ಆ ತೇರಿನೊಡನೆ ನಡೆದವರು, ಜಪಸರ ಹಿಡಿದು ಹಾಡಿದವರು, ನಮಗೆ ಜ್ಞಾನೋಪದೇಶ ಕಲಿಸಿದವರು ಎಷ್ಟೋ ಮಂದಿ ಇಂದು ಹಿಂದಿನ ಬೀದಿಗಳ ಕೋಣೆಗಳಲ್ಲಿ ಕುಳಿತು ಬ್ಯಾಂಡಿನ ಸದ್ದನ್ನು ಮಾತ್ರ ಆಲಿಸುತ್ತಾರೆ. ಗುರುಗಳು ಮೊದಲ ಶುಕ್ರವಾರ ಅವರಿಗೆ ಪರಮಪ್ರಸಾದ ಒಯ್ಯುವುದುಂಟು. ಆದರೆ ಅವರಿಂದ ಕಲಿತವರು ಹೇಳಬೇಕಾದ ವಂದನೆಯನ್ನು ಗುರುಗಳು ಹೇಳಲಾಗದು. ಅದನ್ನು ಅವರವರೇ ಹೋಗಿ ಹೇಳಬೇಕು. ಮುಂದಿನ ಭಾನುವಾರ ಪೂಜೆ ಮುಗಿಸಿ ಮನೆಗೆ ಮರಳುವ ದಾರಿಯಲ್ಲಿ ಅಂಥ ಒಂದು ಬಾಗಿಲನ್ನು ತಟ್ಟೋಣ.