ಬೊಗಸೆ ನೀರು, ಕೊರಳುದ್ದ ನೀರು

ಬೂವನಹಳ್ಳಿಯ ಆ ಮನೆಯ ಮುಂದೆ ಹಳದಿ ಶಾಮಿಯಾನ. ಬೆಳಿಗ್ಗೆ ಹಾಸನದ ಚರ್ಚಿನಲ್ಲಿ ಜ್ಞಾನಸ್ನಾನ ಪಡೆದು ಬಂದ ಕೂಸು ಬಿಳಿ ಅಂಗಿಯಲ್ಲೇ ನಿದ್ದೆಹೋಗಿದೆ. ನೆತ್ತಿಯ ಮೇಲೆ ಪವಿತ್ರ ತೈಲದ ಜಿಡ್ಡು ಇನ್ನೂ ಹೊಳೆಯುತ್ತಿದೆ. ಜ್ಞಾನತಾಯಿಯಾದವಳು ಅರ್ಧ ಉರಿದ ಮೇಣದಬತ್ತಿಯನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಸೇರಿಸುತ್ತಿದ್ದಾಳೆ. ಹಿತ್ತಲಲ್ಲಿ ಕಡುಬಿನ ಹಬೆ, ಕೋಳಿ ಸಾರಿನ ಘಮ. ಎಲೆ ಹಾಕಲು ಇನ್ನೂ ಹೊತ್ತಿದೆ. ಜಗಲಿಯಲ್ಲಿ ಮಾತು ಶುರುವಾಯಿತು.

"ಹಾಲು ಕುಡಿಯೋ ಕೂಸಿಗೆ ಏನು ಗೊತ್ತಾಗುತ್ತಜ್ಜಿ? ಮೊದಲು ನಂಬಬೇಕು, ಆಮೇಲೆ ನೀರಿಗಿಳೀಬೇಕು" ಎಂದ ಕೂಸಿನ ಸೋದರಮಾವ. ಹುಟ್ಟಾ ಕ್ಯಾಥೊಲಿಕ್. ಈಗ ಎರಡು ವರ್ಷದಿಂದ ಪೆಂತೆಕೊಸ್ತ್ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಾನೆ.

"ಹಾಲನ್ನ ಕೇಳಿ ಕುಡಿಸ್ತಾರೇನೋ ಮಗ?" ಅಂದರು ಅಜ್ಜಿ.

"ಬೈಬಲಿನ ಕಂಚುಕಿ ತಾನೇ ರಥ ನಿಲ್ಲಿಸಿ, ತಾನೇ ಕೇಳಿ ನೀರಿಗಿಳಿದ."

ಕೂಸಿನ ಅಪ್ಪ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯವರು. ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಫಿಲಿಪ್ಪಿಯ ಸೆರೆಯ ಯಜಮಾನ ರಾತ್ರೋರಾತ್ರಿ ಮನೆಮಂದಿಯ ಸಮೇತ ದೀಕ್ಷಾಸ್ನಾನ ಮಾಡಿಸಿಕೊಂಡನಲ್ಲಪ್ಪಾ. ಮನೆ ಅಂದಮೇಲೆ ಕೂಸು ಇರಲಿಲ್ವಾ?"

"ಕೂಸಿತ್ತು ಅಂತ ಬರೆದಿಲ್ಲ ಭಾವ."

"ಇರಲಿಲ್ಲ ಅಂತಾನೂ ಬರೆದಿಲ್ಲ."

ಅಜ್ಜಿಗೆ ನಗು. ಆದರೆ ಕೇಳುತ್ತಾ ಕೂತ ನನಗೆ ಈ ಮಾತಿನ ಹಗುರ ಎಷ್ಟು ದುಬಾರಿಯದು ಎಂದು ನೆನಪಾಯಿತು. 1525ರಲ್ಲಿ ಜೂರಿಕ್ ನಗರದಲ್ಲಿ ಕೆಲವರು, ಹಸುಗೂಸಾಗಿದ್ದಾಗ ಆದದ್ದು ಸಾಲದೆಂದು, ಬುದ್ಧಿ ಬಂದಮೇಲೆ ಮತ್ತೆ ದೀಕ್ಷಾಸ್ನಾನ ಮಾಡಿಸಿಕೊಂಡರು. ಎರಡು ವರ್ಷದೊಳಗೆ ಅವರಲ್ಲೊಬ್ಬನಾದ ಫೆಲಿಕ್ಸ್ ಮಾನ್ಜ್‌ನನ್ನು ಕೈಕಟ್ಟಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಕೊಲ್ಲಿಸಿದವರೂ ಕ್ರೈಸ್ತರೇ. ಅದೇ ಪ್ರಶ್ನೆ ಇಂದು ಹಾಸನದ ಜಗಲಿಯಲ್ಲಿ ಒಂದೇ ತಟ್ಟೆಯ ಚಕ್ಕುಲಿ ಮುರಿಯುತ್ತಾ ನಡೆಯುತ್ತಿದೆ. ಇದನ್ನು ನಾನು ಸಣ್ಣ ಸಂಗತಿ ಎಂದು ಎಣಿಸಲಾರೆ.

ನೀರೆಷ್ಟು ಎಂಬ ಜಗಳ ಬೇಗ ಮುಗಿಯುತ್ತದೆ. ಆದಿ ಸಭೆಯ 'ದಿದಖೆ' ಎಂಬ ಕೈಪಿಡಿ ಹರಿಯುವ ನೀರೇ ಮೇಲು ಎನ್ನುತ್ತದೆ. ಸಿಗದಿದ್ದರೆ ಬೇರೆ ನೀರು, ಅದೂ ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿದರೂ ಆದೀತು ಎನ್ನುತ್ತದೆ. ಜಗಲಿಯ ನಿಜವಾದ ನೋವು ಬೇರೆ ಇತ್ತು.

ಅಜ್ಜಿ ಹುಟ್ಟಿದ್ದು ಶೆಟ್ಟಿಹಳ್ಳಿಯಲ್ಲಿ. ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿದ ರೋಸರಿ ಚರ್ಚಿನಲ್ಲಿ ಅವರ ನೆತ್ತಿಗೆ ನೀರು ಬಿದ್ದದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಮೇಲೆ ಊರು ಬಿಡಬೇಕಾಯಿತು. ಮಳೆಗಾಲದಲ್ಲಿ ಹಿನ್ನೀರು ಏರಿ ಚರ್ಚಿನ ಗೋಡೆ ಕಮಾನುಗಳನ್ನು ತುಂಬುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಈಗ ಅಲ್ಲಿ ಫೋಟೊ ತೆಗೆಯುವವರದೇ ಜನ. ಆದರೂ ತನಗೆ ನೆನಪಿಲ್ಲದ ಆ ದಿನ ತನ್ನದೇ ಎಂಬ ವಿಶ್ವಾಸ ಅಜ್ಜಿಗೆ. ಮಕ್ಕಳು ಮೊಮ್ಮಕ್ಕಳನ್ನೆಲ್ಲ ಅದೇ ವಿಶ್ವಾಸದಲ್ಲಿ ಎತ್ತಿಕೊಂಡು ಹೋಗಿ ಮಾಡಿಸಿದರು. ಅವರಲ್ಲೊಬ್ಬ, ಈ ಸೋದರಮಾವನೇ, ಮುಂದಿನ ಭಾನುವಾರ ಹಿನ್ನೀರಿನಲ್ಲಿ ಮುಳುಗಿ ಏಳಲಿದ್ದಾನೆ.

"ಹಂಗಾದ್ರೆ ನಾನು ಎತ್ಕೊಂಡು ಹೋಗಿ ಮಾಡಿಸಿದ್ದು ಏನಾಯ್ತು ಮಗ? ಸುಳ್ಳಾ?"

ಹುಡುಗ ತಲೆ ತಗ್ಗಿಸಿದ. "ಸುಳ್ಳಲ್ಲಜ್ಜಿ. ನನ್ನ ಪರವಾಗಿ ನೀವು ಹೇಳಿದ್ರಿ. ನಾನೇ ಹೇಳ್ಬೇಕಿತ್ತು."

"ಹೇಳೋಕೆ ದೃಢೀಕರಣ ಇತ್ತಲ್ಲೋ!"

"ಆವಾಗ ಹೊಸ ಬಟ್ಟೆಗೆ ಹೋಗಿದ್ದೆ ಅಜ್ಜಿ."

ಆ ಉತ್ತರದ ಪ್ರಾಮಾಣಿಕತೆಗೆ ಯಾರೂ ಎದುರಾಡಲಿಲ್ಲ. ಕ್ಯಾಥೊಲಿಕ್ ಸಭೆಗೂ ಸಿಎಸ್‌ಐಗೂ ದೀಕ್ಷಾಸ್ನಾನ ಒಂದೇ ಸಲ. ತ್ರಯೇಕ ದೇವರ ಹೆಸರಿನಲ್ಲಿ ನೀರು ಬಿದ್ದಿದ್ದರೆ ಅದನ್ನು ಮತ್ತೆ ಮಾಡುವಂತಿಲ್ಲ. ಮಾಡಿದರೆ ದೇವರು ಕೊಟ್ಟ ಮಾತಿನ ಮೇಲೇ ಸಂಶಯಪಟ್ಟಂತೆ. ಹುಡುಗನ ಸಭೆಗೆ ಅದು ಮರುಸ್ನಾನವೇ ಅಲ್ಲ, ಅದೇ ಮೊದಲನೆಯದು. ಮೊದಲ ಹೆಜ್ಜೆ ಇಡುವವನು ದೇವರು ಎಂಬುದನ್ನು ಎರಡೂ ಕಡೆ ಒಪ್ಪುತ್ತಾರೆ. ಮನುಷ್ಯನ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬಲ್ಲಿ ದಾರಿ ಕವಲೊಡೆಯುತ್ತದೆ. ನನ್ನ ಮನಸ್ಸು ಅಜ್ಜಿಯ ಕಡೆಗೆ ವಾಲುತ್ತದೆ. ಕೇಳುವ ಮೊದಲೇ ಸಿಕ್ಕಿದ ಕೃಪೆಯ ಮೇಲೆ ನನಗೆ ನಂಬಿಕೆ. ಆದರೆ ಆ ಹುಡುಗನಂಥವರು ಇಲ್ಲದಿದ್ದರೆ ಜ್ಞಾನಸ್ನಾನವು ಕೋಳಿ ಸಾರಿನ ಹಬ್ಬವಾಗಿಯೇ ಉಳಿದುಬಿಡುವ ಭಯವೂ ನಿಜ.

ಈ ಸೀಮೆಗೆ ಈ ಭಯ ಹೊಸದಲ್ಲ. ಹಾಸನದ ಬಳಿಯ ಸಾತಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆ ಕಟ್ಟಿದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಮರುಗಿದ್ದಾರೆ: ಇಷ್ಟು ವರ್ಷದ ದುಡಿಮೆಯಲ್ಲಿ ಹೊಸದಾಗಿ ಸೇರಿದವರು ಇನ್ನೂರು ಮುನ್ನೂರು ಮಂದಿ, ಅವರಲ್ಲೂ ಮನಸಾರೆ ಬಂದವರು ಒಬ್ಬರೂ ನೆನಪಿಗೆ ಬರುವುದಿಲ್ಲ ಎಂದು. ತಾನೇ ಕೇಳಿಕೊಂಡು ನೀರಿಗಿಳಿದರೂ ಹೃದಯ ಹಿಂದೆಯೇ ಉಳಿಯಬಹುದು ಎಂಬುದಕ್ಕೆ ಅದು ಸಾಕ್ಷಿ.

ಕೂಸಿನ ಅಪ್ಪ ಇನ್ನೊಂದು ದಾರಿ ತೋರಿಸಿದರು. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದವರು ಕೂಡಿ ಸಿಎಸ್‌ಐ ಆದಾಗ ಬ್ಯಾಪ್ಟಿಸ್ಟರು ಅದರಲ್ಲಿ ಇರಲಿಲ್ಲ. 1970ರಲ್ಲಿ ನಾಗಪುರದಲ್ಲಿ ಉತ್ತರ ಭಾರತ ಸಭೆ ಹುಟ್ಟಿದಾಗ ಅವರೂ ಬಂದರು. ಅಲ್ಲಿ ಕೂಸಿಗೂ ಮಾಡಿಸಬಹುದು, ಬೆಳೆದ ಮೇಲೂ ಮಾಡಿಸಿಕೊಳ್ಳಬಹುದು. ಎರಡಕ್ಕೂ ಒಂದೇ ಸಭೆಯಲ್ಲಿ ಜಾಗ.

"ಎರಡೂ ಸಲ ಮಾಡಿಸ್ಕೋಬಹುದಾ ಅಲ್ಲಿ?" ಕೇಳಿದರು ಅಜ್ಜಿ.

"ಅದಿಲ್ಲ ಅಜ್ಜಿ. ಎರಡರಲ್ಲಿ ಒಂದು."

"ನೋಡ್ದಾ?" ಎಂದು ಮೊಮ್ಮಗನ ಕಡೆ ತಿರುಗಿದರು.

ಭಾನುವಾರ ಟೆಂಪೊದಲ್ಲಿ ಅಜ್ಜಿಯೂ ಬಂದರು. ಹಿನ್ನೀರಿನ ದಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ಪಾಸ್ಟರ್ ಎದೆಮಟ್ಟದ ನೀರಿನಲ್ಲಿ ನಿಂತು ಒಬ್ಬೊಬ್ಬರನ್ನೇ ಹಿಂದಕ್ಕೆ ವಾಲಿಸಿ ಮುಳುಗಿಸಿ ಎಬ್ಬಿಸುತ್ತಿದ್ದರು. ಪ್ರತಿ ಸಲವೂ ದಡದಲ್ಲಿ ಚಪ್ಪಾಳೆ, ತಮಟೆ, ಹಲ್ಲೆಲೂಯ. ಮೊಮ್ಮಗ ಎದ್ದು ಬಂದಾಗ ಅಜ್ಜಿ ಚಪ್ಪಾಳೆ ತಟ್ಟಲಿಲ್ಲ. ಟವಲ್ ಬಿಚ್ಚಿ ಅವನ ತಲೆ ಒರೆಸಿದರು, ಹಣೆಗೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಇಟ್ಟರು. ಆಮೇಲೆ ಪಾಸ್ಟರ್ ಕಡೆ ನೋಡಿ, "ಇವನದು ಮೊದಲೇ ಆಗಿತ್ತು ಪಾಸ್ಟರೇ, ನೆನಪಿರಲಿ" ಎಂದರು. ಪಾಸ್ಟರ್ ಒದ್ದೆ ಕೈ ಮುಗಿದು, "ಅದರ ಬಗ್ಗೆ ಮಾತಾಡೋಣ ಬನ್ನಿ ಅಮ್ಮ" ಎಂದು ಟೆಂಪೊದ ಮುಂದಿನ ಸೀಟು ಅವರಿಗೇ ಬಿಟ್ಟುಕೊಟ್ಟರು. ಹಾಸನ ಮುಟ್ಟುವವರೆಗೂ ಇಬ್ಬರೂ ಮಾತಾಡಿದರು.