ಬಯೋಟಿನ್ ಜೋಡಿತ ಪಿಡಿ-1: ಮೈಕ್ರೋಗ್ರಾಂ ಸರಕು, ಗುರುತರ ಹೊಣೆ

ಮಾನವನ ಟಿ-ಜೀವಕೋಶಗಳ ಮೇಲಿರುವ ಪಿಡಿ-1 ಎಂಬ ಗ್ರಾಹಕ ಪ್ರೋಟೀನು ರೋಗನಿರೋಧಕ ಶಕ್ತಿಗೆ ಕಡಿವಾಣವಿದ್ದಂತೆ. ಜಪಾನಿನ ತಸುಕು ಹೊಂಜೊ ಅವರ ತಂಡ 1992ರಲ್ಲಿ ಇದನ್ನು ಪತ್ತೆಹಚ್ಚಿತು. ಈ ಕಡಿವಾಣವನ್ನು ಸಡಿಲಿಸುವ ಕ್ಯಾನ್ಸರ್ ಔಷಧಗಳು ಇಂದು ಬಳಕೆಯಲ್ಲಿವೆ.

ಇಂತಹ ಔಷಧಗಳ ಸಂಶೋಧನೆಗೆ ಬೇಕಾದ ಪಿಡಿ-1 ಅನ್ನು, ಮಾನವ ವಂಶವಾಹಿಯನ್ನು ಪ್ರಯೋಗಾಲಯದ ಜೀವಕೋಶಗಳಿಗೆ ಸೇರಿಸಿ ತಯಾರಿಸಲಾಗುತ್ತದೆ. ಅದಕ್ಕೆ ಬಯೋಟಿನ್ ಎಂಬ ಜೀವಸತ್ವವನ್ನು ಕೊಂಡಿಯಾಗಿ ಜೋಡಿಸಿದರೆ, ಸ್ಟ್ರೆಪ್ಟಾವಿಡಿನ್ ಲೇಪಿಸಿದ ತಟ್ಟೆಗೆ ಅದು ಬಿಗಿಯಾಗಿ ಅಂಟುತ್ತದೆ; ಔಷಧವು ಪಿಡಿ-1 ಅನ್ನು ಎಷ್ಟು ಹಿಡಿಯುತ್ತದೆಂಬುದನ್ನು ಆಗ ಅಳೆಯಬಹುದು.

ಮಾರಾಟವು ಮೈಕ್ರೋಗ್ರಾಂ ಲೆಕ್ಕದಲ್ಲಿ ನಡೆಯುತ್ತದೆ. ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಿದರೆ ಪ್ರೋಟೀನಿನ ಗುಣ ಕೆಡಬಹುದು; ಸೀಸೆ ಮಾತ್ರ ಮೊದಲಿನಂತೆಯೇ ಕಾಣುತ್ತದೆ. ಆದ್ದರಿಂದ ವ್ಯಾಪಾರಿಗಳು ಪ್ರತಿ ಬ್ಯಾಚಿನ ಪರೀಕ್ಷಾ ಪ್ರಮಾಣಪತ್ರವನ್ನೂ ಶೀತಸರಪಳಿಯ ದಾಖಲೆಯನ್ನೂ ಪರಿಶೀಲಿಸುವುದು ಅಗತ್ಯ. ಇದು ಸಂಶೋಧನೆಗೆ ಮೀಸಲಾದ ಸರಕು, ಔಷಧವಲ್ಲ.